ಹೊಳೆ ದಾಟಿದ ಕೋವಿ ಮತ್ತು ಅವಲಕ್ಕಿ ಪ್ರಸಾದ

ಮಾನ್ಯ ಜಿಲ್ಲಾ ದಂಡಾಧಿಕಾರಿಗಳೇ,

ನನ್ನ ಸೋದರಮಾವ ಜಯರಾಮರ ಒಂಟಿನಳಿಗೆಯ ಕೋವಿ ನಿಮ್ಮ ಅಧೀನದ ಠಾಣೆಯೊಂದರಲ್ಲಿ ಬಿದ್ದುಕೊಂಡಿದೆ. ಮಾವ ಕಳೆದ ವರ್ಷ ತೀರಿಕೊಂಡರು. ಕೋವಿಯನ್ನು ನನ್ನ ದೊಡ್ಡಪ್ಪನ ಮಗ ಸುಕೇಶನಿಗೆ ಮಾರಲು ನಾನು ಅನುಮತಿ ಕೇಳಿದೆ, ನೀವು ಇಲ್ಲವೆಂದಿರಿ. ಬೇರೆ ಯಾರೂ ಕೊಳ್ಳದಿದ್ದರೆ ಮಳೆಗಾಲಕ್ಕೆ ಮುಂಚೆ ಅದನ್ನು ಮುರಿದುಹಾಕುತ್ತೇವೆ ಎಂದೂ ತಿಳಿಸಿದಿರಿ. ಆಮೇಲೆ ನಾನು ಬರೆದ ಯಾವ ಕಾಗದಕ್ಕೂ ಉತ್ತರವಿಲ್ಲ. ಹಾಗಾಗಿ ಊರೆಲ್ಲ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಸುಕೇಶನ ಮನೆ ಹೊಳೆಯ ಆಚೆ ದಡದಲ್ಲಿದೆ. ಈಚೆಯಿಂದ ಕೂಗಿದರೆ ಅವನ ನಾಯಿ ಬೊಗಳುತ್ತದೆ. ಆದರೆ ಆ ದಡ ಕೇರಳ. ಮಾರುವುದಕ್ಕೆ ನಿಮ್ಮ ಅನುಮತಿ ಬೇಕು, ಕೊಳ್ಳುವುದಕ್ಕೆ ಆ ಕಡೆಯ ಪರವಾನಗಿ ಬೇಕು, ಗಡಿ ದಾಟಿಸುವುದಕ್ಕೆ ಇನ್ನೊಂದು. ಅವರದನ್ನು ಮೊದಲು ತನ್ನಿ ಎಂದು ನಿಮ್ಮವರು, ನಿಮ್ಮದನ್ನು ಮೊದಲು ತನ್ನಿ ಎಂದು ಅವರು. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎಂಬ ಗಾದೆಯನ್ನು ಕಚೇರಿಯ ಬಾಗಿಲಲ್ಲೇ ಬರೆಸಿಬಿಟ್ಟರೆ ಜನರ ಬಸ್ಸಿನ ಖರ್ಚಾದರೂ ಉಳಿಯುತ್ತಿತ್ತು. ಎಲ್ಲ ಅನುಮತಿ ಸಿಕ್ಕರೂ ಕೈಯಲ್ಲಿ ಒಯ್ಯುವಂತಿಲ್ಲವಂತೆ. ಪರವಾನಗಿ ಇರುವ ಅಂಗಡಿಯವನು ಪೆಟ್ಟಿಗೆಯಲ್ಲಿ ಕಟ್ಟಿ ಆಚೆ ರಾಜ್ಯದ ಅಂಗಡಿಗೆ ಕಳುಹಿಸಬೇಕಂತೆ. ದೋಣಿಯಲ್ಲಿ ಒಂದು ಎಲೆಯಡಿಕೆ ಹಾಕುವಷ್ಟರಲ್ಲಿ ಮುಗಿಯುವ ದಾರಿಗೆ ಕೋವಿ ಎರಡು ಪಟ್ಟಣ ನೋಡಿಕೊಂಡು ಬರಬೇಕು.

ನಮ್ಮಲ್ಲಿ ಅಳಿಯಕಟ್ಟು. ಮಾವನದ್ದು ತಂಗಿಯ ಮಕ್ಕಳಿಗೆ ಬರುತ್ತದೆ, ನನ್ನ ತಾಯಿಗೆ ನಾನೊಬ್ಬಳೇ. ಮಾವ ಮದುವೆಯಾಗಲಿಲ್ಲ. ಮಾವ ಹೋದಾಗ ಸಿಂಗಾಪುರದಿಂದ ಊರಿಗೆ ಬಂದವಳು ಇದನ್ನೆಲ್ಲ ನಿಮ್ಮ ಗುಮಾಸ್ತರಿಗೆ ವಿವರಿಸಿದೆ. ಅವರು ಕನ್ನಡಕ ತೆಗೆದು, ವಾರಸುದಾರರ ಅರ್ಜಿಯ ಕಾಗದ ತೋರಿಸಿ, "ಹೆಂಡ್ತಿ ಮಕ್ಕಳು ಇಲ್ಲದವರಿಗೆ ಇದರಲ್ಲಿ ಜಾಗ ಇಲ್ಲ ಮೇಡಂ," ಎಂದರು. ಒಳ್ಳೆಯ ಮನುಷ್ಯ, ಬೈಯಬೇಕೆಂದು ಹೇಳಿದ್ದಲ್ಲ. ಆದರೂ ಮೆಟ್ಟಿಲಿಳಿಯುವಾಗ ನನಗೆ ಅಳು ಬಂತು.

ಇನ್ನು ಸುಕೇಶನ ಅಪರಾಧಕ್ಕೆ ಬರುತ್ತೇನೆ. ಮಾವನ ಉತ್ತರಕ್ರಿಯೆಯ ಬೊಜ್ಜ ಮುಗಿಸಿ ನಾನು ಸಿಂಗಾಪುರಕ್ಕೆ ಹೊರಡುವಾಗ ಕೋವಿಯನ್ನು ಠಾಣೆಗೆ ಒಪ್ಪಿಸು ಎಂದು ಅವನಿಗೆ ಕೊಟ್ಟು ಬಂದೆ. ಎದುರಿಗೆ ಮಹಾನವಮಿ. ಸಾವಾದ ವರ್ಷ ನಮ್ಮಲ್ಲಿ ಆಯುಧಪೂಜೆಯಿಲ್ಲ, ತಂದೆಯ ಕಡೆಯ ಅವನಿಗೆ ಆ ಸೂತಕವಿಲ್ಲ. ಪೂಜೆ ತಪ್ಪಬಾರದೆಂದು ಅವನು ಕೋವಿಯನ್ನು ದೋಣಿಯಲ್ಲಿ ತನ್ನ ಮನೆಗೆ ಒಯ್ದು, ನೇಗಿಲು ಕತ್ತಿಗಳ ಜೊತೆಗಿಟ್ಟು, ಗಂಧ ಹಚ್ಚಿ, ಮರುದಿನ ತಂದು ಠಾಣೆಗೆ ಒಪ್ಪಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೊಲೀಸರ ಕೈಗೆ ಅವಲಕ್ಕಿ ಪ್ರಸಾದವನ್ನೂ ಕೊಟ್ಟು, ಪೂಜೆ ಆಚೆ ನಮ್ಮ ಮನೆಯಲ್ಲಾಯಿತು ಎಂದ. ಅವರು ಪ್ರಸಾದ ತಿಂದರು, ಕೈ ತೊಳೆದರು, ಪರವಾನಗಿಯಿಲ್ಲದೆ ರಾಜ್ಯದ ಗಡಿ ದಾಟಿಸಿದ್ದಾನೆಂದು ಕೇಸು ಬರೆದರು. ಕೇಸು ಇರುವವನಿಗೆ ಕೋವಿ ಮಾರಲು ಬಿಡುವುದಿಲ್ಲ ಎಂಬುದು ನಿಮ್ಮ ಆದೇಶ.

ಫೋನಿನಲ್ಲಿ ಅವನನ್ನು ಬೈದೆ. "ಮನುಷ್ಯರಿಗೆ ಸೂತಕ, ಕೋವಿಗೆ ಎಂತ ಸೂತಕ ಅಕ್ಕ?" ಎಂದ. ಹೇಳಲು ಹೋದದ್ದೇಕೆ ಎಂದು ಕೇಳಿದ್ದಕ್ಕೆ, "ಪ್ರಸಾದ ಕೊಡುವಾಗ ಸುಳ್ಳು ಹೇಳ್ಲಿಕ್ಕೆ ಆಗ್ತದಾ?" ಎಂದ. ಮಾನ್ಯರೇ, ಇಂಥವನ ಕೈಯಲ್ಲಿ ಕೋವಿ ಇರುವುದು ಅಪಾಯವೆಂದು ನೀವು ಹೇಳುತ್ತೀರಿ. ಹಾಗಾದರೆ ಎಂಥವನ ಕೈಯಲ್ಲಿದ್ದರೆ ಕ್ಷೇಮ?

ನಾನಿರುವ ಊರಿನಲ್ಲಿ ಕೋವಿಯ ವಿಷಯ ಹುಡುಗಾಟವಲ್ಲ, ನೇಣಿನವರೆಗೂ ಹೋಗುತ್ತದೆ. ಬೂನ್ ಲೇ ರೈಲು ಸ್ಟೇಷನ್ನಿನ ಫೋನಿನಲ್ಲಿ ನಾನು ಕಾರ್ಡು ಹಾಕಿ ಮಾತಾಡುತ್ತಿದ್ದಾಗ ನಮ್ಮ ಬ್ಲಾಕಿನ ಅನಂತರಾಮ್ ಪಕ್ಕದಲ್ಲಿದ್ದರು. "ಸುರಕ್ಷಾ ಅವ್ರೇ, ಪಬ್ಲಿಕ್ ಫೋನಲ್ಲಿ ಇದನ್ನೆಲ್ಲ ಡಿಸ್ಕಸ್ ಮಾಡ್ಬೇಡಿ, ಸುಮ್ನೆ ಪ್ರಾಬ್ಲಮ್ ಆಗತ್ತೆ," ಎಂದರು. ಅಂದಿನಿಂದ ಅವರ ಮನೆಯವರು ಬ್ಲಾಕಿನ ಕೆಳಗಿನ ಖಾಲಿ ಅಂಗಳ, ವಾಯ್ಡ್ ಡೆಕ್ಕಿನಲ್ಲಿ ಸಿಕ್ಕರೆ ನಗುತ್ತಾರೆ, ನಿಲ್ಲುವುದಿಲ್ಲ. ಈ ನವಮಿಗೆ ನಾನು ಜುರಾಂಗ್ ವೆಸ್ಟಿನ ಬಾಡಿಗೆ ಕೋಣೆಯಲ್ಲಿ ತರಕಾರಿ ಹೆಚ್ಚುವ ಚೂರಿಗೆ ಕುಂಕುಮ ಹಚ್ಚಿ ಕೂತೆ. ಪ್ರಸಾದ ಕೊಡಲು ಯಾರೂ ಇರಲಿಲ್ಲ, ಎಲ್ಲವನ್ನೂ ನಾನೇ ತಿಂದೆ.

ಕಬ್ಬಿಣದ ತುಂಡಿಗೆ ಇಷ್ಟೇಕೆ ಗೋಳು ಎಂದು ನೀವು ಕೇಳಬಹುದು. ಮಾವ ಇದ್ದದ್ದು ಬಾಡಿಗೆ ಮನೆ. ಬೀಗದ ಕೈಯನ್ನು ಧಣಿಗಳಿಗೆ ಕೊಟ್ಟಾಯಿತು. ತಾಯಿ ಮೊದಲೇ ಇಲ್ಲ. ಊರಿಗೆ ಹೋದರೆ ಚೀಲ ಇಳಿಸಲು ನನಗೊಂದು ಜಗಲಿಯಿಲ್ಲ. ಕೋವಿ ಕೊಳ್ಳುತ್ತೇನೆಂದು ಒಪ್ಪಿದ ದಿನ ಸುಕೇಶ ಹೇಳಿದ್ದ, "ಕೋವಿ ಇಲ್ಲಿಗೆ ಬಂದ್ರೆ ನವಮಿಗೆ ನೀನೂ ಬರ್ಬೇಕು ಅಕ್ಕ. ನಿನ್ನ ಎಲೆ ಹಾಕಿಯೇ ಬಡಿಸುದು ನಾವು." ಕೇಸಾದ ಮೇಲೆ ಅವನ ಹೆಂಡತಿ ಫೋನು ತೆಗೆದರೆ ಅವನು ಮನೆಯಲ್ಲಿಲ್ಲ ಎನ್ನುತ್ತಾಳೆ. ಅವಳದ್ದು ತಪ್ಪೆಂದು ನಾನು ಹೇಳಲಾರೆ. ನೀವು ಮುರಿಯಲು ಹೊರಟಿರುವುದು ಕೋವಿಯನ್ನು ಮಾತ್ರವಲ್ಲ.

ಕಾನೂನು ಬೇಡವೆಂದು ನಾನು ಹೇಳುವುದಿಲ್ಲ. ಕೋವಿ ಕಂಡವರ ಕೈಗೆಲ್ಲ ಹೋಗಬಾರದು ಎಂಬುದು ಈ ಊರಿನಲ್ಲಿದ್ದು ನನಗೆ ನಿಮಗಿಂತ ಚೆನ್ನಾಗಿ ಗೊತ್ತು. ಕೇಳುವುದಿಷ್ಟೇ: ಸುಕೇಶನ ಮೇಲಿನ ಕೇಸನ್ನು ಹಿಂತೆಗೆಯಿರಿ, ಆಚೆಯವರೊಡನೆ ನೀವೇ ಮಾತಾಡಿ ಯಾರ ಅನುಮತಿ ಮೊದಲೆಂದು ತೀರ್ಮಾನಿಸಿ, ಅಲ್ಲಿಯವರೆಗೆ ಕೋವಿಯನ್ನು ಮುರಿಯಬೇಡಿ. ಇದಾವುದೂ ಆಗದಿದ್ದರೆ ಮುರಿಯುವುದನ್ನು ಮುಂದಿನ ನವಮಿಯವರೆಗಾದರೂ ತಡೆದು, ಅಂದು ನಿಮ್ಮ ಠಾಣೆಯ ಕೋಣೆಯನ್ನು ಸ್ವಲ್ಪ ಹೊತ್ತು ತೆಗೆಸಿ. ರಜೆ ಹಾಕಿ ನಾನೇ ಬರುತ್ತೇನೆ, ಗಂಧ ಹಚ್ಚುತ್ತೇನೆ, ನಿಮ್ಮ ಪೊಲೀಸರಿಗೆ ಅವಲಕ್ಕಿ ಕೊಡುತ್ತೇನೆ. ಈ ಸಲ ಅವರು ತಿನ್ನುವಾಗ ನನ್ನನ್ನೂ ಪಕ್ಕದಲ್ಲಿ ಕೂತು ತಿನ್ನಲು ಬಿಡಲಿ.

ಇಂತಿ,
ನಿಮ್ಮ ಕಾಗದದಲ್ಲಿ ಜಾಗವಿಲ್ಲದವರ ಪೈಕಿ ಉಳಿದ ಒಬ್ಬಳು,
ಸುರಕ್ಷಾ
ಜುರಾಂಗ್ ವೆಸ್ಟ್, ಸಿಂಗಾಪುರ, ೧೯೯೮