ಗದ್ದಕ್ಕಿಂತ ಎತ್ತರದ ಹೂವು

ಮಾರ್ಚ್ ೧೪, ಮಂಗಳವಾರ
ಅಂಗಡಿಯಿಂದ, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ತಂಗಿಯ ನಮಸ್ಕಾರ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ. ಚೆನ್ನಾಗಿಲ್ಲ, ಆದ್ದರಿಂದ ಬರೆಯುವುದಿಲ್ಲ. ಅಪ್ಪ ಚೆನ್ನಾಗಿದ್ದಾರೆ. ಶನಿವಾರದಿಂದ ನೀನು ಹನ್ನೊಂದು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ತಪ್ಪಾಯಿತು. ಎತ್ತಿದ್ದರೆ ಇನ್ನೂ ದೊಡ್ಡ ತಪ್ಪಾಗುತ್ತಿತ್ತು. ಫೋನಿನಲ್ಲಿ ನಿನ್ನ ಗಂಟಲು ದೊಡ್ಡದು. ಕಾಗದದ ಮೇಲೆ ನನ್ನದು.

ನಿನ್ನೆ ನೀನು ಕಳಿಸಿದ ಮೆಸೇಜನ್ನು ನಾಲ್ಕು ಸಲ ಓದಿದೆ. "ಮಗಳ ಮದುವೇಲಿ ಎಲ್ಲರ ಎದುರು ನನ್ನ ಮರ್ಯಾದೆ ಕತ್ತರಿಸಿ ಹಾಕಿದೆ. ಭಾನುವಾರ ಬೀಗರು ಊಟಕ್ಕೆ ಬರ್ತಾರೆ, ಬಂದು ಕ್ಷಮೆ ಕೇಳು. ಅಪ್ಪನ್ನ ವಾಪಸ್ ಕರ್ಕೊಂಡು ಬಾ. ಊಟದ ಮೇಜಿಗೆ ಚಿಕ್ಕದಾಗಿ ಏನಾದ್ರೂ ಹೂ ಮಾಡು." ಎರಡು ಅಪ್ಪಣೆ, ಒಂದು ಆರ್ಡರು. ಅಣ್ಣಾ, ನಾನು ಕತ್ತರಿಸಿದ್ದು ಗ್ಲಾಡಿಯೋಲಸ್. ಮರ್ಯಾದೆಗೆ ದಂಟಿರುವುದಿಲ್ಲ.

ಜನವರಿಯಲ್ಲಿ ನೀನು ಅಂಗಡಿಗೆ ಬಂದು, ಬಕೆಟ್ಟುಗಳ ನಡುವೆ ಜಾಗ ಮಾಡಿಕೊಂಡು ನಿಂತು ಹೇಳಿದ ಮಾತು ನೆನಪಿದೆಯೇ? "ಮೂವತ್ತನಾಲ್ಕೇ ಜನ. ಹತ್ತಿರದವರು ಮಾತ್ರ. ಮನೆಯೊಳಗೆ ಕೂತಂಗೆ ಇರಬೇಕು." ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿರುವುದು ಅದೊಂದೇ ಕೆಲಸ. ದೊಡ್ಡ ಮದುವೆಗಳು ಎದುರು ಬೀದಿಯ, ಲಾರಿ ಇಟ್ಟುಕೊಂಡಿರುವ ಹೂವಿನವನಿಗೆ; ಅವನ ಹತ್ತಿರ ಕಮಾನುಗಳಿವೆ. ನನ್ನ ಹತ್ತಿರ ಕತ್ತರಿ, ತಂತಿ, ಅಪ್ಪನ ಹಳೆಯ ಅಳತೆ ಟೇಪು, ಅಷ್ಟೆ. ನೀನು ಹಿಡಿದಿದ್ದ ಮದುವೆ ಹಾಲ್ ಇನ್ನೂರು ಜನರದ್ದು. ಅದರಲ್ಲಿ ಮೂವತ್ತನಾಲ್ಕು ಜನ ಕೂತರೆ ರೈಲು ತಪ್ಪಿಸಿಕೊಂಡವರ ಹಾಗೆ ಕಾಣುತ್ತಾರೆ. ಅದಕ್ಕೆ ಜರೀಗಿಡದ ಕುಂಡಗಳನ್ನು ಸಾಲಾಗಿಟ್ಟು ಗೋಡೆಯನ್ನು ಹತ್ತಿರ ಕರೆದೆ. ಗುಂಡು ಮೇಜುಗಳನ್ನು ತೆಗೆಸಿ ಒಂದೇ ಉದ್ದದ ಮೇಜು ಹಾಕಿಸಿದೆ. ಕುರ್ಚಿಗಳನ್ನು ನಾಲ್ಕು ಬೆರಳು ಹತ್ತಿರ ಸರಿಸಿದೆ, ಪಕ್ಕದವರ ಹತ್ತಿರ ಉಪ್ಪು ಕೇಳಲೇಬೇಕಾಗುವಷ್ಟು. ಊಟದ ಹತ್ತಿರ ಗಾಢ ಪರಿಮಳದ ಹೂವು ಬೇಡವೆಂದು ಸುಗಂಧರಾಜವನ್ನು ಬಾಗಿಲಿಗೆ ಕಳಿಸಿದೆ.

ಮೇಜಿನ ಹೂವಿಗೆ ನನ್ನದೊಂದು ಕಟ್ಟುಪಾಡು ಇದೆ, ನೀನು ಎಷ್ಟು ಸಲ ನಕ್ಕಿದ್ದೀಯೋ: ಗದ್ದ ದಾಟಿದರೆ ಗದ್ದಲ. ಮೊಣಕೈ ಮೇಜಿನ ಮೇಲೂರಿ ಮುಷ್ಟಿಯನ್ನು ಗದ್ದಕ್ಕೆ ಕೊಟ್ಟರೆ ಎಷ್ಟು ಎತ್ತರವೋ, ಹೂವು ಅದರ ಕೆಳಗೇ ನಿಲ್ಲಬೇಕು. ಹೂವು ನೋಡಲು ಯಾರೂ ಮದುವೆಗೆ ಬರುವುದಿಲ್ಲ. ಎದುರಿನವರ ಮುಖ ನೋಡಲು ಬರುತ್ತಾರೆ, ಆ ಮುಖ ಚೆಂದ ಕಾಣಲಿ ಎಂದು ನಡುವೆ ನಾಲ್ಕು ಹೂವು.

ಗುರುವಾರ ನೀನು ಫೋನ್ ಮಾಡಿದೆ. "ಮೇಜಿನ ಆ ತುದೀಲಿ ಗೋಡೆ ಮೇಲೆ ಸ್ವಿಚ್‌ಬೋರ್ಡ್ ಇದೆ, ಅಸಹ್ಯವಾಗಿದೆ. ಫೋಟೋದಲ್ಲಿ ಬೀಳುತ್ತೆ. ಅಲ್ಲೊಂದು ಕಡೆ ಎತ್ತರಕ್ಕೆ ಏನಾದ್ರೂ ಇಡು."

"ಎತ್ತರಕ್ಕಿಟ್ರೆ ಆ ಕಡೆ ಕೂತವರು ಕಾಣಲ್ವಲ್ಲೋ" ಅಂದೆ.

"ಅಲ್ಲಿ ಯಾರೂ ಕೂರಲ್ಲ. ನಿನ್ನ ಪ್ರಾಸ ಎಲ್ಲಾ ಆಮೇಲೆ, ಹೇಳಿದಷ್ಟು ಮಾಡು."

ನಂಬಿದೆ. ಹೇಳಿದಷ್ಟು ಮಾಡಿದೆ. ಒಂಬತ್ತು ದಂಟು ಗ್ಲಾಡಿಯೋಲಸ್, ಹಿಂದೆ ದಟ್ಟ ಸೊಪ್ಪು, ಕೆಳಗೆ ಬಿಳಿ ಸೇವಂತಿಗೆ. ಕೆಲಸ ಚೆನ್ನಾಗಿಯೇ ಬಂತು, ಅದೇ ಸಿಟ್ಟು.

ಶನಿವಾರ ನಮ್ಮ ಮದುಮಗಳು ಗುಬ್ಬಿ ಮತ್ತು ಅವಳ ಹುಡುಗ ಮದುವೆಯ ರಿಜಿಸ್ಟರಿನಲ್ಲಿ ಸಹಿ ಹಾಕುವಾಗ ನಾನು ಹಿಂದಿನ ಕೋಣೆಯಲ್ಲಿ ಕೈ ತೊಳೆಯುತ್ತಿದ್ದೆ. ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ನಿನ್ನ ಬೀಗರು ಎದ್ದು ನಿಂತು ಮಾತಾಡುತ್ತಿದ್ದರು. "ಇಂಥ ಮದುವೆ ನಾನು ನೋಡಿರಲಿಲ್ಲ. ಎಲ್ಲರ ಮುಖಾನೂ ಕಾಣ್ತಿದೆ." ಪಾಪ, ಒಳ್ಳೆಯ ಮನುಷ್ಯ, ಎಣಿಸಿರಲಿಲ್ಲ. ನಾನು ಎಣಿಸಿದೆ. ಮೂವತ್ತಮೂರು. ನಾನು ಸೇರಿ.

ಅಷ್ಟರಲ್ಲಿ ಗ್ಲಾಡಿಯೋಲಸ್ಸಿನ ಮಗ್ಗುಲಿನಿಂದ ಒಂದು ಕೈ ಈಚೆ ಬಂತು. ಎಡಗೈ. ಮೇಜಿನ ಮೇಲೆ ತಡವುತ್ತಾ ನೀರಿನ ಲೋಟ ಹುಡುಕುತ್ತಿತ್ತು. ಲೋಟವನ್ನು ಯಾರೋ ಹೂವಿನ ಈ ಕಡೆ ಇಟ್ಟಿದ್ದರು. ಆ ಕೈಯ ಹೆಬ್ಬೆರಳಿನಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ ನಿನಗೂ ಗೊತ್ತು. ಆ ಕೈ ಹೊಲಿದ ಅಂಗಿ ಹಾಕಿಕೊಂಡೇ ನೀನು ಮೊದಲ ಕೆಲಸದ ಸಂದರ್ಶನಕ್ಕೆ ಹೋದದ್ದು.

ಮುಂದಿನದಕ್ಕೆ ಮೂವತ್ತಮೂರು ಸಾಕ್ಷಿಗಳಿದ್ದಾರೆ. ಚೀಲದಿಂದ ಕತ್ತರಿ ತೆಗೆದೆ. ಒಂಬತ್ತು ದಂಟು, ಒಂಬತ್ತು ಸದ್ದು. ಬೀಗರ ಭಾಷಣ ನಾಲ್ಕನೆಯದಕ್ಕೆ ನಿಂತಿತು. ಸೊಪ್ಪನ್ನು ಕೈಯಿಂದಲೇ ಕಿತ್ತೆ. ಅಪ್ಪ ಕಂಡರು. ಲಕ್ವ ಹೊಡೆದ ಮೇಲೆ ಬಾಯಿಯ ಬಲ ಮೂಲೆ ಜಾರಿದೆ, ಕರವಸ್ತ್ರವನ್ನು ಕಾಲರಿಗೆ ಸಿಕ್ಕಿಸಿದ್ದಾರೆ, ಎದುರಿನ ತಟ್ಟೆ ಮುಟ್ಟಿಲ್ಲ. ನನ್ನ ಮುಖ ನೋಡಿ "ಗಾಳಿ ಬಂತು" ಅಂದರು.

ನಿನ್ನ ಬೀಗಿತ್ತಿ, "ಅಯ್ಯೋ, ಇಲ್ಲೊಬ್ಬರು ಕೂತಿದ್ದಾರೆ. ಇವರು ಯಾರು?" ಅಂದರು.

ನೀನು ನಿನ್ನ ತಟ್ಟೆ ನೋಡಿದೆ. ಅತ್ತಿಗೆ ಹೇಳಿದರು: "ಅವರಿಗೆ ಹುಷಾರಿಲ್ಲ."

ಅಣ್ಣಾ, "ಯಾರು" ಅಂದರೆ "ಹುಷಾರಿಲ್ಲ" ಉತ್ತರವಲ್ಲ. ಒಂದನೇ ಕ್ಲಾಸಿನಲ್ಲೂ ಅದಕ್ಕೆ ಸೊನ್ನೆ ಕೊಡುತ್ತಾರೆ. ಸರಿಯಾದ ಉತ್ತರವನ್ನು ಗುಬ್ಬಿ ಕೊಟ್ಟಳು. ತನ್ನ ತಟ್ಟೆ ಎತ್ತಿಕೊಂಡು ಉದ್ದ ಮೇಜನ್ನು ಸುತ್ತಿ ಬಂದು ಅಪ್ಪನ ಪಕ್ಕ ಕೂತಳು. "ನನ್ನ ತಾತ. ಆಗ್ಲಿಂದ ಹುಡುಕ್ತಿದ್ದೀನಿ. ತಾತಾ, ನೀವು ಮನೇಲೇ ಉಳ್ಕೊಂಡ್ರಿ ಅಂತ ಅಪ್ಪ ಅಂದ್ರು." ಮಗಳಿಗೂ ಸುಳ್ಳು. ಮದುವೆಯ ದಿನವೂ.

ಹೊರಗೆ ಕಾರುಗಳ ಹತ್ತಿರ ನೀನು ನನ್ನ ತೋಳು ಹಿಡಿದು ಹೇಳಿದ್ದನ್ನೂ ಬರೆದುಬಿಡುತ್ತೇನೆ, ನಾಳೆ ನಾನು ಹಾಗೆ ಹೇಳಲೇ ಇಲ್ಲ ಎನ್ನಬೇಡ. "ಅವರ ಮರ್ಯಾದೆ ಉಳಿಸೋಕೇ ಮಾಡಿದ್ದು. ಎಲ್ಲರೂ ಅವರು ತಿನ್ನೋದನ್ನ ನೋಡಬೇಕಿತ್ತಾ?" ಆಮೇಲೆ, "ಹುಡುಗನ ಕಡೆಯೋರು ಇದು ವಂಶದಲ್ಲೇ ಇದೆ ಅಂದ್ಕೊಂಡ್ರೆ?" ಎರಡನೆಯದು ನಿಜವಾದ ಕಾರಣ, ಮೊದಲನೆಯದು ಅದಕ್ಕೆ ಹೊದಿಸಿದ ಸೊಪ್ಪು. ಗಿರಾಕಿಯ ಒಂದು ಭುಜ ಕೆಳಗಿದ್ದರೆ ಅಪ್ಪ ಆ ಭುಜಕ್ಕೆ ತಕ್ಕ ಹಾಗೆ ಹೊಲಿಯುತ್ತಿದ್ದರು. ಪರದೆ ಹೊಲಿದುಕೊಟ್ಟದ್ದನ್ನು ನಾನು ನೋಡಿಲ್ಲ.

ಅವತ್ತೇ ಅಪ್ಪನನ್ನು ನನ್ನ ವ್ಯಾನಿನಲ್ಲಿ, ಖಾಲಿ ಬಕೆಟ್ಟುಗಳ ಜೊತೆ, ಕರೆದುಕೊಂಡು ಬಂದೆ. ನಿನ್ನನ್ನು ಕೇಳಲಿಲ್ಲ. ಅವರನ್ನು ಕೇಳಿದೆ. "ನಡಿ" ಅಂದರು.

ಈಗ ಭಾನುವಾರದ ಮಾತು. ನಾನು ಬರುತ್ತೇನೆ. ಭಾಷಣ ಕೆಡಿಸಿದ್ದಕ್ಕೆ ಬೀಗರ ಹತ್ತಿರ ಕ್ಷಮೆ ಕೇಳುತ್ತೇನೆ, ಅದು ನ್ಯಾಯ. ಅಪ್ಪ ಬರಬೇಕಾದರೆ ನೀನು ಗುರುವಾರವೋ ಶುಕ್ರವಾರವೋ ಇಲ್ಲಿಗೆ ಬಂದು ಕರೆಯಬೇಕು. ಬಾಗಿಲಲ್ಲಿ ನಿಂತು ಕರೆದರೆ ಆಗದು. ನನ್ನ ಅಡುಗೆಮನೆಯ ಮೇಜಿನಲ್ಲಿ ಅವರ ಎದುರು ಕೂತು, ಅವರು ಊಟ ಮುಗಿಸುವ ತನಕ ಊಟ ಮಾಡಬೇಕು. ಮುಕ್ಕಾಲು ಗಂಟೆ ಬೇಕಾಗುತ್ತದೆ. ಫೋನನ್ನು ಅಂಗಡಿಯಲ್ಲಿ ಇಟ್ಟು ಒಳಗೆ ಬಾ. ಆಮೇಲೆ ಅವರು "ನಡಿ" ಅಂದರೆ ಭಾನುವಾರ ಬರುತ್ತೇವೆ, "ಬೇಡ" ಅಂದರೆ ಇಲ್ಲೇ ಇರುತ್ತಾರೆ. ಭಾನುವಾರಕ್ಕೆ ನಾನು ಹೂವು ಮಾಡುವುದಿಲ್ಲ. ದೊಡ್ಡದೂ ಇಲ್ಲ, ಚಿಕ್ಕದೂ ಇಲ್ಲ.

ಗುಬ್ಬಿಗೂ ಅವಳ ಗಂಡನಿಗೂ ಅತ್ತೆಯ ಮನಃಪೂರ್ವಕ ಆಶೀರ್ವಾದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಜಗಳವಾಡಲಿ, ನೋಡಿಕೊಂಡೇ ರಾಜಿಯಾಗಲಿ. ಅತ್ತಿಗೆಗೆ ನಮಸ್ಕಾರ, ಅದರಲ್ಲಿ ಸ್ವಲ್ಪ ಸಿಟ್ಟು ಬೆರೆತಿದೆ, ಸೋಸಿಕೊಳ್ಳಲಿ. ನಿನಗೂ ಒಳ್ಳೆಯದಾಗಲಿ. ಬರೆಯಲು ಕಷ್ಟವಾಯಿತು, ಆದರೂ ಆಗಲಿ.

ಇಂತಿ,
ನಿನ್ನ ತಂಗಿ

ಮತ್ತೆ ಬರೆದದ್ದು: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಮೇಲೆ "ನಂಬಿದೆ" ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಮದುವೆ ಹಾಲ್‌ನ ನಾಲ್ಕೂ ಗೋಡೆಗಳನ್ನು ಫೆಬ್ರವರಿಯಲ್ಲೇ ನೋಡಿ ಬಂದಿದ್ದೆ. ಆ ಗೋಡೆಯಲ್ಲಿ ಸ್ವಿಚ್‌ಬೋರ್ಡ್ ಇಲ್ಲ. ಶುಕ್ರವಾರ ಸಂಜೆ ಹೂವು ಇಡಲು ಹೋದಾಗ ಮೇಜಿನ ಆ ತುದಿಯಲ್ಲಿ ಒಂದು ಕುರ್ಚಿ ಇತ್ತು. ಮೂವತ್ತನಾಲ್ಕರಲ್ಲಿ ಅದೊಂದಕ್ಕೇ ಕೈಗಳಿದ್ದವು. ಕೈಯಿಲ್ಲದ ಕುರ್ಚಿಯಿಂದ ಏಳಲಾಗದವರು ನಮ್ಮಲ್ಲಿ ಒಬ್ಬರೇ. ನಾನು ಅದರಲ್ಲಿ ಕೂತು, ಟೇಪು ಹಿಡಿದು, ನೆತ್ತಿಯ ತನಕ ಅಳತೆ ತೆಗೆದುಕೊಂಡೆ. ಸ್ವಿಚ್‌ಬೋರ್ಡ್ ಮುಚ್ಚಲು ಯಾರೂ ಕೂತು ಅಳೆಯುವುದಿಲ್ಲ.

ಹೋದ ತಿಂಗಳು ಅಪ್ಪ ಅಂಗಡಿಗೆ ಬಂದಿದ್ದ ದಿನ ಮದುಮಗಳೊಬ್ಬಳು ಹೂವಿನ ಮಾತಾಡಲು ಬಂದಳು. "ಅಪ್ಪಾ, ಒಳಗೆ ತಂಪಾಗಿದೆ, ಅಲ್ಲಿ ಕೂತ್ಕೊಳ್ಳಿ" ಅಂದೆ. ಒಳಗೆ ತಂಪಿರಲಿಲ್ಲ. ಬಾಡಿದ ಹೂವಿನ ಚೀಲಗಳಿದ್ದವು. ಒಂದು ಗಂಟೆ ಅಲ್ಲೇ ಕೂತಿದ್ದರು.

ಶನಿವಾರದಿಂದ ಅವರು ಅಂಗಡಿಗೆ ಬಂದವರಿಗೆಲ್ಲ ಒಂದೇ ಕಥೆ ಹೇಳುತ್ತಿದ್ದಾರೆ. "ನನ್ನ ಮಗಳು. ಕತ್ತರಿ ತಗೊಂಡು. ಬಂದಳು." ಮೂರು ತುಂಡು ಹೊರಬರಲು ಒಂದು ನಿಮಿಷ ಹಿಡಿಯುತ್ತದೆ, ಹೇಳಿ ಮುಗಿಸಿ ನನ್ನ ಕಡೆ ತಿರುಗಿ ನಗುತ್ತಾರೆ. ಇವತ್ತು ಬೆಳಿಗ್ಗೆ ಪೋಸ್ಟಿನವನಿಗೆ ಹೇಳಿದರು. ಅವನು "ಎಂಥಾ ಮಗಳು ಸ್ವಾಮಿ ನಿಮ್ಮವಳು" ಅಂದ. ನಾನು ನೀರು ಬದಲಿಸುವ ನೆಪ ಮಾಡಿ ಒಳಗೆ ಹೋದೆ.

ನೀನು ಬರುವುದರೊಳಗೆ ಆ ಅಳತೆಯ ಮಾತನ್ನು ಅವರಿಗೆ ಹೇಳಬೇಕು. ಇನ್ನೂ ಹೇಳಿಲ್ಲ.