ಓಡಿಸಿಬಿಟ್ಟ ದೃಶ್ಯಗಳು

ರಾಣೇಬೆನ್ನೂರು
೧೩ ಜೂನ್ ೧೯೯೩, ರವಿವಾರ

ಚಿ. ಸೌ. ಗೋದೂಗೆ,

ನಿನ್ನ ಅಕ್ಕ ಸುಲಭಾಳ ಆಶೀರ್ವಾದಗಳು. ಯುಗಾದಿಗೆ ನೀನು ಬರೆದ ಪತ್ರಕ್ಕೆ ಕಾರಹುಣ್ಣಿಮೆ ದಾಟಿದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬಯ್ಯಬೇಕು ಅನ್ನಿಸಿದರೆ ಬಯ್ದುಬಿಡು. ನೆಂಟರು ಬಂದಿದ್ದರು, ಕೈಗೆ ಬಿಡುವಿರಲಿಲ್ಲ ಅಂತೆಲ್ಲ ಸುಳ್ಳು ಹೇಳುವುದಿಲ್ಲ. ನಿನ್ನ ಪತ್ರದ ಕೊನೆಗೆ ಯಾವಾಗಲೂ ಒಂದು ಸಾಲು ಇರುತ್ತದಲ್ಲ, “ವೃಂದಾ ಹೇಗಿದ್ದಾಳೆ?” ಅಂತ, ಅಲ್ಲಿಗೆ ಬಂದರೆ ನನ್ನ ಪೆನ್ನು ನಿಂತುಬಿಡುತ್ತದೆ. ನೀನು ಹೆತ್ತವಳು, ನಾನು ಸಾಕಿದವಳು. ನಿನ್ನ ಮಗಳ ಸುದ್ದಿಯನ್ನು ನನ್ನ ಮಗಳು ಅಂತ ನಿನಗೇ ಬರೆಯುವುದು ಸುಲಭವಲ್ಲ ನೋಡು.

ಮೊದಲು ಊರ ಸುದ್ದಿ. ಇಸಾಕಸಾಬ ತನ್ನ ವಿಡಿಯೋ ಅಂಗಡಿ ಮುಚ್ಚುತ್ತಿದ್ದಾನೆ. ಓಣಿ ಓಣಿಗೂ ಕೇಬಲ್ ತಂತಿ ಬಂತು, ಇನ್ನು ಕ್ಯಾಸೆಟ್ ಯಾರಿಗೆ ಬೇಕು? ಅದೇ ಜಾಗದಲ್ಲಿ ಎಸ್‌ಟಿಡಿ ಬೂತ್ ಹಾಕುತ್ತಾನಂತೆ. ನಿನ್ನ ಭಾವ ನನ್ನನ್ನು ನೋಡಿ ನಗುತ್ತಾರೆ: “ಸೆನ್ಸಾರ್ ಬೋರ್ಡಿನವರ ನೌಕರಿ ಹೋತಲ್ಲ!”

ನಿನ್ನ ಭಾವ ಹುಬ್ಬಳ್ಳಿಯಿಂದ ಕ್ಯಾಸೆಟ್ ಹಾಕಿ ನೋಡುವ ವಿಸಿಪಿ ಹೊತ್ತು ತಂದ ವರ್ಷ ವೃಂದಾಗೆ ಒಂಬತ್ತು ತುಂಬಿತ್ತು. ಆಗಿನ ರವಿವಾರಗಳು ನೆನಪಾದರೆ ಈಗಲೂ ಜೀವ ಹಿಗ್ಗುತ್ತದೆ ಗೋದೂ. ನಮ್ಮ ಊಟ ಮುಗಿಯುವುದರೊಳಗೆ ಪಡಸಾಲೆಯ ತುಂಬ ಓಣಿಯ ಮಕ್ಕಳು, ಎಲ್ಲವೂ ಹತ್ತು ಹನ್ನೆರಡು ವರ್ಷದವು. ಕಿಟಕಿಗೆ ಜಮಖಾನೆ ಕಟ್ಟಿ ಕತ್ತಲೆ ಮಾಡುವುದೇನು, ಪರಾತದ ತುಂಬ ಚುರುಮುರಿ ಕಲಸಿ ನಡುವೆ ಇಡುವುದೇನು! ಕರೆಂಟು ಹೋದರೆ ಎಲ್ಲವೂ ಒಟ್ಟಿಗೆ “ಹೋ” ಅನ್ನುತ್ತಿದ್ದವು, ಬಂದರೆ ಅದಕ್ಕಿಂತ ಜೋರಾಗಿ ಕೂಗುತ್ತಿದ್ದವು.

ಯಾವ ಸಿನಿಮಾ ಹಾಕುವುದು ಅನ್ನುವುದೇ ದೊಡ್ಡ ತಲೆನೋವು. ಮಕ್ಕಳ ಕತೆ ತಂದರೆ “ಇದು ಸಣ್ಣ ಹುಡುಗೂರ್ದು” ಅಂತ ಮೂಗು ಮುರಿಯುತ್ತಿದ್ದವು, ದೊಡ್ಡವರದು ತಂದರೆ ಅವುಗಳ ಅವ್ವಂದಿರು ನನ್ನ ಮೇಲೆ ಬರುತ್ತಿದ್ದರು. ಇಸಾಕಸಾಬನೋ, ಯಾವುದನ್ನು ಕೇಳಿದರೂ “ಭಾಳ ಛಲೋ ಪಿಚ್ಚರ್ ಐತ್ರಿ ಬಾಯಾರ, ಮನಿಮಂದಿ ಎಲ್ಲಾ ಕುಂತು ನೋಡೂವಂಥಾದ್ದು” ಅನ್ನುವವನೇ. ಅವನನ್ನು ನಂಬಿ ಒಂದೆರಡು ಸಲ ಮಾನ ಹೋದ ಮೇಲೆ, ಶನಿವಾರ ಮಧ್ಯಾಹ್ನ ಮೊದಲು ನಾನೊಬ್ಬಳೇ ನೋಡುವುದು ಅಂತ ಮಾಡಿಕೊಂಡೆ. ಮೊರದಲ್ಲಿ ಅಕ್ಕಿ ಆರಿಸುತ್ತ ನೋಡುತ್ತಿದ್ದೆ. ಬೇಡವಾದ ದೃಶ್ಯ ಬಂದರೆ ವಿಸಿಪಿಯ ಮೇಲೆ ಕಾಣುವ ಅಂಕಿಯನ್ನು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಳ್ಳುವುದು, ರವಿವಾರ ಆ ಅಂಕಿ ಬಂದ ಕೂಡಲೇ ಗುಂಡಿ ಒತ್ತಿ ಮುಂದಕ್ಕೆ ಓಡಿಸಿಬಿಡುವುದು.

ಓಣಿಯವರೆಲ್ಲ ಮೆಚ್ಚಿಕೊಂಡರು. ಪಕ್ಕದ ಮನೆಯ ಜಯವ್ವ ಮಾತ್ರ ಒಂದು ದಿನ ಕೂತು ನೋಡಿ ಗಲ್ಲಕ್ಕೆ ಕೈ ಹಚ್ಚಿದಳು. “ಅಯ್ಯ ನಮ್ಮವ್ವಾ! ಹೊಡದಾಟ ತೋರಸ್ತೀರಿ, ಮಳ್ಯಾಗ ಕುಣಿಯೂ ಹಾಡ ತೋರಸ್ತೀರಿ, ಪಾಪ, ಆ ತಾಯಿ ಮಗನ್ನ ಅಪ್ಪಿಕೊಂಡು ಅಳೂದನ್ನ ಓಡಸ್ತೀರಿ. ಇದ್ಯಾವ ಸೀಮಿ ಸೆನ್ಸಾರ್ರಿ ಬಾಯಾರ?” ಅಳುವುದು ಮಕ್ಕಳಿಗೆ ಒಳ್ಳೆಯದಲ್ಲ ಅಂತ ಏನೋ ಹೇಳಿ ತಪ್ಪಿಸಿಕೊಂಡೆ.

ನಿನಗೆ ಗೊತ್ತೇ ಇದೆಯಲ್ಲ. ನಮ್ಮ ಸಿನಿಮಾಗಳಲ್ಲಿ ಎರಡಕ್ಕೊಂದರಲ್ಲಿ ಯಾರದೋ ಕೂಸು ಯಾರದೋ ಮನೆಯಲ್ಲಿ ಬೆಳೆದಿರುತ್ತದೆ. ಕೊನೆಗೆ ಹೆತ್ತವಳು ಮಚ್ಚೆಯನ್ನೋ ತಾಯಿತವನ್ನೋ ನೋಡಿ ಗುರುತು ಹಿಡಿಯುತ್ತಾಳೆ, ಮಗು ಓಡಿಹೋಗಿ ಅವಳನ್ನು ತಬ್ಬಿಕೊಳ್ಳುತ್ತದೆ, ಸಾಕಿದವಳು ಕಂಬಕ್ಕೆ ಒರಗಿ ಕಣ್ಣೊರೆಸಿಕೊಳ್ಳುತ್ತಾಳೆ. ನನಗೆ ಆ ಕಂಬದ ಹೆದರಿಕೆ. ಹತ್ತು ತುಂಬಿದ ಮೇಲೆ ವೃಂದಾಗೆ ಎಲ್ಲ ಹೇಳೋಣ ಅಂತ ನಾವಿಬ್ಬರೂ ಅವ್ವನ ಮುಂದೆ ಮಾತಾಡಿಕೊಂಡಿದ್ದೆವು. ಹತ್ತು ಹೋಗಿ ಹನ್ನೆರಡಾಯಿತು, ಹದಿನಾಲ್ಕೂ ಆಯಿತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ನಾನು ಗುಂಡಿ ಒತ್ತುತ್ತಲೇ ಇದ್ದೆ. “ಈಗ ನಗತಿದ್ರು, ಒಮ್ಮಿಂದೊಮ್ಮೆ ಯಾಕ ಅಳಾಕತ್ತಾರ?” ಅಂತ ಮಿಕ್ಕ ಮಕ್ಕಳು ಗದ್ದಲ ಹಾಕುತ್ತಿದ್ದವು. ವೃಂದಾ ಒಂದು ದಿನವೂ ಕೇಳಲಿಲ್ಲ. ಎಂಥ ಮುಗ್ಧೆ ನನ್ನ ಕೂಸು ಅಂದುಕೊಂಡಿದ್ದೆ. ಕಡೆಕಡೆಗೆ ಅಂತೂ ಓಡಿಸುವ ಕೆಲಸವೇ ಬೀಳಲಿಲ್ಲ. ಸಿನಿಮಾ ಆರಿಸುವುದರಲ್ಲಿ ನನ್ನ ಕೈ ಪಳಗಿತು ಅಂತ ಜಂಬ ಬೇರೆ!

ಮೊನ್ನೆ ಬುಧವಾರ ಮನೆಯಲ್ಲಿ ಉಳಿದಿದ್ದ ಒಂದು ಕ್ಯಾಸೆಟ್ ಕೊಡಲು ಅಂಗಡಿಗೆ ಹೋದೆ. ಇಸಾಕಸಾಬ ಕಪಾಟು ಖಾಲಿ ಮಾಡುತ್ತಿದ್ದ. ಸ್ಟೂಲು ಒರೆಸಿ ಕೊಟ್ಟು, “ಬಾಯಾರ, ಅಂಗಡಿನ ಹೋದಮ್ಯಾಲೆ ಮುಚ್ಚಿಟ್ಟು ಏನ್ಮಾಡ್ಲಿ,” ಅಂದ. “ನೀವು ಶನಿವಾರ ಬರ್ತಿದ್ರಿ. ನಿಮ್ಮ ಹುಡುಗಿ ಶುಕ್ರವಾರನ ಸಾಲಿ ಬಿಟ್ಟ ಕೂಡಲೇ ಬರ್ತಿತ್ರಿ. ‘ಚಾಚಾ, ಅವ್ವಗ ಯಾವ್ಯಾವು ತಗದಿಟ್ಟೀರಿ? ಇದರಾಗ ಸಾಕಿದ ತಾಯಿ ಕತಿ ಅದ ಏನು? ಇದ್ರ ಕೊಡಬ್ಯಾಡ್ರಿ, ಅವ್ವಗ ತಡಕೊಳ್ಳಲಿಕ್ಕೆ ಆಗೂದಿಲ್ಲ’ ಅಂತಿತ್ತು. ಎರಡು ವರ್ಷ ಹಿಂಗ ನಡೀತ್ರಿ. ಯಾಕಂತ ನಾ ಕೇಳಲಿಲ್ಲ.”

ತಂದ ಕ್ಯಾಸೆಟ್ಟನ್ನು ಕೊಡದೆ ಉಡಿಯಲ್ಲೇ ಇಟ್ಟುಕೊಂಡು ಕೂತೆ. ಅವನೇ ನೀರು ತಂದು ಕೊಟ್ಟ. ಹನ್ನೆರಡು ವರ್ಷದ ಕೂಸು ನನಗೋಸ್ಕರ ಆ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಿತ್ತಲ್ಲ ಗೋದೂ!

ಮನೆಗೆ ಬಂದರೆ ವೃಂದಾ ಗಣಿತದ ಪುಸ್ತಕ ಹರವಿಕೊಂಡು ಕೂತಿದ್ದಳು. ಯಾವಾಗಿನಿಂದ ಗೊತ್ತು ಅಂತ ಕೇಳಿದೆ. “ಸಾಲ್ಯಾಗ ಏಳನೇತ್ತಾ ಇದ್ದಾಗಿಂದ,” ಅಂದಳು, ತಲೆ ಎತ್ತದೆ. ಯಾರು ಹೇಳಿದರು ಅಂದೆ.

“ನೀನ ಹೇಳಿದಿ. ಹೊಡದಾಟ ತೋರಸ್ತಿದ್ದಿ, ದೆವ್ವ ತೋರಸ್ತಿದ್ದಿ, ಅದೊಂದು ಬಂತಂದ್ರ ಓಡಸ್ತಿದ್ದಿ. ಓಡಸೂವಾಗ ಟೀವಿ ಬಿಟ್ಟು ನನ್ನ ಮಾರಿ ನೋಡತಿದ್ದಿ. ಆಮ್ಯಾಲೆ ಗೋದೂ ಮಾವಶಿ ಬಂದಾಗ ಆಕಿ ಮಾರಿ ನೋಡಿದೆ, ಕನ್ನಡಿಯೊಳಗ ನನ್ನ ಮಾರಿ ನೋಡಿಕೊಂಡೆ.”

ನಾನು ಬಿಕ್ಕಿ ಬಿಕ್ಕಿ ಅತ್ತೆ. ನಾಚಿಕೆ ಬಿಟ್ಟು, ನನ್ನನ್ನು ಬಿಟ್ಟು ಹೋಗ್ತೀಯೇನು ಅಂತಲೂ ಕೇಳಿಬಿಟ್ಟೆ. “ಎಲ್ಲಿ ಹೋಗ್ಲಿ? ಸುಮ್ನ ಏಳವ್ವಾ, ಹೊಟ್ಟಿ ಹಸದದ,” ಅಂತ ನನ್ನ ಸೆರಗಿನಿಂದಲೇ ನನ್ನ ಕಣ್ಣೊರೆಸಿದಳು. ಎದ್ದು ರೊಟ್ಟಿ ಬಡಿದೆ, ಎಣಗಾಯಿ ಮಾಡಿದೆ.

“ವೃಂದಾ ಹೇಗಿದ್ದಾಳೆ” ಅಂದಿದ್ದೆಯಲ್ಲ, ಹೀಗಿದ್ದಾಳೆ. ಹಾವೇರಿ ಏನು ದೂರವೇ? ಶ್ರಾವಣಕ್ಕೆ ಎಲ್ಲರೂ ಬನ್ನಿ. ನಿನ್ನ ಯಜಮಾನ ಶ್ರೀನಿವಾಸರಾಯರಿಗೆ ನನ್ನ ನಮಸ್ಕಾರ, ನಿನ್ನ ಹುಡುಗರಿಬ್ಬರಿಗೂ ಆಶೀರ್ವಾದ. ಸೊಂಟಕ್ಕೆ ಎಣ್ಣೆ ಹಚ್ಚಿಕೊ, ಉದಾಸೀನ ಮಾಡಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ,
ಸುಲಭಾ

ತಾ.ಕ.: ರೊಟ್ಟಿ ತಿನ್ನುತ್ತ ವೃಂದಾ ಒಂದೇ ಒಂದು ಮಾತು ಕೇಳಿದಳು. “ನನ್ನ ಕೊಡೂವಾಗ ಮಾವಶಿ ಅತ್ತಳೇನು?” ನನಗೆ ಗೊತ್ತಿಲ್ಲ ಗೋದೂ. ಬ್ಯಾಡಗಿಯ ತವರುಮನೆಯಲ್ಲಿ ಅವ್ವ ಮೂರು ತಿಂಗಳ ಕೂಸನ್ನು ನನ್ನ ಉಡಿಯಲ್ಲಿ ಹಾಕಿದಾಗ ನಾನು ಕೂಸಿನ ಮುಖ ನೋಡಿದೆ, ನಿನ್ನ ಮುಖ ನೋಡಲೇ ಇಲ್ಲ. ನೀನು ಮನಸ್ಸು ಬದಲಿಸಿಬಿಟ್ಟರೆ ಅಂತ ಹೆದರಿ, ರೈಲಿಗೆ ಇನ್ನೂ ಒಂದು ತಾಸು ಇರುವಾಗಲೇ ಸ್ಟೇಶನ್ನಿಗೆ ಹೊರಟೆ. ಒಳಗಿನ ಕೋಣೆಯಿಂದ ನೀನು “ಅಕ್ಕಾ” ಅಂತ ಕರೆದದ್ದು ನನಗೆ ಕೇಳಿಸಿತ್ತು. ಕೇಳಿಸದವಳ ಹಾಗೆ ಹೊಸ್ತಿಲು ದಾಟಿದೆ. ಅವಳಿಗೆ ನೀನೇ ಉತ್ತರ ಬರೆ. ಲಕೋಟೆಯ ಮೇಲೆ ಅವಳ ಹೆಸರೇ ಇರಲಿ. ನಾನು ಮೊದಲು ಓದುವುದಿಲ್ಲ.