ಜೀರಿಗೆ ಒತ್ಕಂಡೋದ ಗಾಳಿ

ಬಾಡಮೇರ್, ರಾಜಸ್ಥಾನ
3-4-2006

ಅವ್ವಾ, ಇದ್ನ ತಂಗಿ ಮೀನಾ ಕೈಲಿ ಓದ್ಸು.

ರಾಗಿ ತೂರಕ್ಕೆ ಗಾಳಿ ಬರ್ನಿಲ್ಲ ಅಂತ ಮೊರ ಇಡ್ಕಂಡು ಕಾಯ್ತಾ ಕುಂತಿದ್ದೆಯಲ್ಲ, ಇಲ್ಗೆ ಬಂದು ನೋಡು. ನೆನ್ನೆ ನಾವು ಬೋರ್ ಕೊರೀತಿದ್ದ ಒಲದಲ್ಲಿ ಕಿತ್ತ ಜೀರಿಗೇನ ರಾಶಿ ಆಕಿದ್ರು. ಮಧ್ಯಾನ ಕೆಂಪು ಗೋಡೆಯಂಗೆ ಮರಳುಗಾಳಿ ಎದ್ಬಂತು. ಒಲದ ಅಜ್ಜಿ ಕೂಗಾಡ್ತು. ಅದ್ರ ಮಾತು ನಂಗೆ ತಿಳೀನಿಲ್ಲ, ಅಳು ತಿಳೀತು. ಲಾರಿ ಟಾರ್ಪಾಲ್ ತಂದು ರಾಶಿಗೆ ಒದ್ಸಿ, ಆರು ಜನ ಕಣ್ಮುಚ್ಕಂಡು ಅದ್ರ ಮೇಲೇ ಕುಂತ್ಬುಟ್ಟೊ. ನಿನ್ ಮಗನ ತೂಕ ಒಂದಿನ ಕೆಲ್ಸಕ್ಕೆ ಬಂತು ಕಣವ್ವ! ಆದ್ರೂ ಅರ್ಧ ಜೀರಿಗೆ ಆರೋಯ್ತು. ಪಾಪ, ಅಜ್ಜಿಯ ವರ್ಸದ ಗೇಮೆ ಅರ್ಧ ಗಂಟೇಲಿ ಅರ್ಧ ಆಗೋಯ್ತು.

ಮಿಸಿನ್ಗೂ ಮರಳು ನುಗ್ಬುಟ್ಟದೆ. ಮೂರ್ದಿನ ನಮ್ಗೆ ಕೂಲಿಯಿಲ್ಲ, ಅದ್ಕೆ ಈ ತಿಂಗ್ಳು ಮನಿಯಾರ್ಡರಲ್ಲಿ ಮುನ್ನೂರು ಕಮ್ಮಿ ಬತ್ತದೆ, ಗೊಣಗ್ಬೇಡ. ಕಣ್ಣು ಕೆಂಪಗವೆ, ಮಿಕ್ಕಂಗೆ ಚೆನ್ನಾಗಿವ್ನಿ.

ಊರಲ್ಲಿ ಅವ್ವ ಅವ್ಳೆ ಅಂತ ಅಜ್ಜಿಗೆ ಕೈಸನ್ನೇಲಿ ತೋರ್ಸ್ದೆ. ಉಳ್ದಿದ್ರಲ್ಲೇ ಒಂದಿಡಿ ಜೀರಿಗೆ ನಿಂಗೆ ಅಂತ ಅಜ್ಜಿ ಕಟ್ಕೊಟ್ಟದೆ. ಬೇಡ ಅಂದ್ರೂ ಕೇಳ್ನಿಲ್ಲ. ತತ್ತೀನಿ. ಮರಳು ಆರ್ಸೋದು ಮಾತ್ರ ನಿನ್ ಕೆಲ್ಸ.

ಕಾಗ್ದದಲ್ಲಿ ಜಾಗ ಮುಗೀತು.
ನಿಂಗರಾಜು